ಕೆರೆ ಸಂಘದ ತರಬೇತಿ: ಮೊದಲು ಹಳ್ಳದ ಜಾಡು ಹಿಡಿಯಿರಿ
ಕೆರೆ ಬಳಕೆದಾರರ ಸಂಘದ ಹೊಸ ಸದಸ್ಯರಿಗೆ ಎರಡು ದಿನದ ತರಬೇತಿಯಲ್ಲಿ ಏನು ಕಲಿಸಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಮೊದಲ ದಿನ ಅವರನ್ನು ಸಭಾಂಗಣದಲ್ಲಿ ಕೂರಿಸಬೇಡಿ. ಕೆರೆಯ ಏರಿಯಿಂದ (ಕಟ್ಟೆಯಿಂದ) ಹೊರಟು, ನೀರು ಬರುವ ಹಳ್ಳದ ಜಾಡು ಹಿಡಿದು ದಿಣ್ಣೆಯ ನೆತ್ತಿಯವರೆಗೆ ನಡೆಸಿ. ಎಲ್ಲಿ ಬದು ಒಡೆದಿದೆ, ಎಲ್ಲಿ ರಾಜಕಾಲುವೆ ಒತ್ತುವರಿಯಾಗಿದೆ ಎಂಬುದನ್ನು ಅವರೇ ನೋಡಲಿ. ಮಳೆ ಬಂದಾಗ ಹಳ್ಳದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಲು ಹೇಳಿ. ತಳದಲ್ಲಿ ಕೂತ ಮಣ್ಣು ಮೇಲಿನ ಹೊಲಗಳದ್ದು. ಅಲ್ಲಿ ಬದು ಹಾಕದೆ ಇಲ್ಲಿ ಹೂಳೆತ್ತಿದರೆ ದುಡ್ಡು ನೀರುಪಾಲು. ಹಾಗಾಗಿ ಅಚ್ಚುಕಟ್ಟಿನವರ, ಅಂದರೆ ಕೆರೆ ನೀರು ಹಾಯುವ ಕೆಳಗಿನ ಹೊಲದವರ ಜೊತೆ ಮೇಲಿನ ಹೊಲದವರನ್ನೂ, ದನ ಕುರಿ ಮೇಯಿಸುವವರನ್ನೂ, ಹೆಣ್ಣುಮಕ್ಕಳನ್ನೂ ಕರೆಯಲೇಬೇಕು.

ಎರಡನೆಯ ದಿನಕ್ಕೆ, ಊರಿನಲ್ಲಿ ಹಳೆಯ ನೀರುಗಂಟಿ, ಅಂದರೆ ಕೆರೆ ನೀರನ್ನು ಹೊಲಗಳಿಗೆ ಬಿಡುವವರು, ಇದ್ದರೆ ಅವರೇ ಗುರುಗಳು. ತೂಬನ್ನು (ಕೆರೆಯಿಂದ ನೀರು ಬಿಡುವ ಬಾಗಿಲನ್ನು) ಯಾವಾಗ, ಎಷ್ಟು ಎತ್ತಬೇಕೆಂಬುದು ಅವರ ಕೈಗೆ ಗೊತ್ತು. ಕೆರೆ ತುಂಬಿದಾಗ ಏರಿಯ ಹಿಂಬದಿಯನ್ನು ದಿನವೂ ನೋಡುವ ಅಭ್ಯಾಸ ಮಾಡಿಸಿ: ಜಿನುಗುವ ನೀರು ತಿಳಿಯಾಗಿದ್ದರೂ ಗಮನವಿರಲಿ, ಕದಡಿದ್ದರೆ ಏರಿಯ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ, ಕೂಡಲೇ ಎಂಜಿನಿಯರ್‌ಗೆ ತಿಳಿಸಬೇಕು. ಲೆಕ್ಕಪತ್ರಕ್ಕೆ ಅರ್ಧ ದಿನ ಸಾಕು. ಹೆಚ್ಚಿನ ತರಬೇತಿ ಬೇಕೆನಿಸಿದರೆ ಧಾರವಾಡದ ವಾಲ್ಮಿಯನ್ನು (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ವಿಚಾರಿಸಿ. ನೀರು ಬಳಕೆದಾರರಿಗೆ ತರಬೇತಿ ಕೊಡುವುದು ಆ ಸಂಸ್ಥೆಯ ಕೆಲಸವೇ.