ಜೀನ್ ಕಳ್ಕೊಂಡ ರೋಗಾಣು ಬದುಕೋದು ಹ್ಯಾಂಗ?

ಪ್ರಶ್ನೆ: ಸರ್ ನಮಸ್ಕಾರ್ರಿ, ನಾ ಸೇಡಂ ತಾಲೂಕಿನಾಕಿ, ಕಲಬುರಗಿಯಾಗ ಬಿಎಸ್ಸಿ ಓದ್ಲಿಕತ್ತೀನಿ. ನಮ್ಮಪ್ಪನ ಬದನಿ ಹೊಲದಾಗ ಎಲಿ ಸಣ್ಣ ಸಣ್ಣ ಆಗಿ ಗಿಡ ಪೊದಿ ಹಂಗ ಆಗ್ಯದ, ಕಾಯಿನೇ ಇಲ್ಲ. ಫೈಟೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಅಂದ್ರು. ಅದಕ್ಕ ಜೀನ್ ಭಾಳ ಕಮ್ಮಿ, ಸೆಲ್ ವಾಲ್, ಅಂದ್ರ ಜೀವಕೋಶದ ಹೊರಗಿನ ಗ್ವಾಡಿ, ಸುದ್ದಾ ಇಲ್ಲಂತ. ಇಷ್ಟು ಬಡ ರೋಗಾಣು ಹ್ಯಾಂಗ ಬದುಕ್ತದ? ಪೆನಿಸಿಲಿನ್ ಹೊಡದ್ರ ಹೋಗ್ತದೇನ್ರಿ?

ಉತ್ತರ: ನೋಡವ್ವ, ಬಡ ಅಂದಿಯಲ್ಲ, ಅಲ್ಲೇ ತಪ್ಪಿದಿ. ಅದು ಕುಂತಿರೋದು ಗಿಡದ ಫ್ಲೋಯಮ್ ಒಳಗ, ಅಂದ್ರ ಎಲಿಯಾಗ ತಯಾರಾದ ಸಕ್ಕರಿ ನೀರು ಹರಿಯೋ ಪೈಪಿನಾಗ. ಸಕ್ಕರಿ ರೆಡಿ, ಪ್ರೋಟೀನ್ ಕಟ್ಟೋ ಅಮೈನೋ ಆಸಿಡ್ ರೆಡಿ. ಕಲಬುರಗಿಯಾಗ ರೂಮ್ ಮಾಡಿ ಖಾನಾವಳಿ ಡಬ್ಬಿ ಹಚ್ಕೊಂಡ ಹುಡುಗೂರ ರೂಮಿಗೆ ಹೋಗಿ ನೋಡು, ಊರಿಂದ ತಂದ ಸ್ಟವ್ ಕಾಟಿನ ಕೆಳಗ ಜಂಗ್ ಹಿಡದು ಬಿದ್ದಿರ್ತದ, ಕೆಟ್ಟದ್ದು ಅವರಿಗೇ ಗೊತ್ತಿರಂಗಿಲ್ಲ ಯಾಕಂದ್ರ ಯಾರೂ ಹಚ್ಚೇ ಇಲ್ಲ.

ಜೀನ್ ಕತಿನೂ ಹಂಗೇ. ಡಿಎನ್ಎ ಕಾಪಿ ಆಗೋವಾಗ ತಪ್ಪು ಆಗೋದು ಎಲ್ಲಾ ಜೀವಿಗಳಾಗೂ ಅದ. ಬಡ ಮಣ್ಣಾಗ ಸ್ವಂತ ಅಡಗಿ ಮಾಡ್ಕೊಂಡು ಬದುಕೋ ಬ್ಯಾಕ್ಟೀರಿಯಾದಾಗ ಅಮೈನೋ ಆಸಿಡ್ ಮಾಡೋ ಜೀನ್ ಕೆಟ್ರ ಅದು ಹಿಂದ ಬೀಳ್ತದ, ಇಲ್ಲಾ ಸಾಯ್ತದ, ತಪ್ಪು ಅಲ್ಲೇ ಮುಗೀತು. ಪೈಪಿನಾಗ ಕುಂತಿದ್ದಕ್ಕ ಅದೇ ಜೀನ್ ಕೆಟ್ರೂ ಊಟ ನಡೀತದ. ಮ್ಯಾಲೆ ಬ್ಯಾಕ್ಟೀರಿಯಾದಾಗ ಡಿಎನ್ಎ ತುಂಡು ಹೊಸದಾಗಿ ಸೇರೋದಕ್ಕಿಂತ ಬಿದ್ದು ಹೋಗೋದೇ ಹೆಚ್ಚು, ಮತ್ತ ರೋಗ ಹರಡೋ ಜಿಗಿಹುಳದ ಬಾಯಿಂದ ಇನ್ನೊಂದು ಗಿಡಕ್ಕ ದಾಟೋದು ಸ್ವಲ್ಪೇ ಸ್ವಲ್ಪ, ಆ ಸ್ವಲ್ಪದಾಗ ಅಷ್ಟಿಷ್ಟು ಹಾನಿ ಆದದ್ದೂ ನಸೀಬದ ಮ್ಯಾಲೆ ಉಳ್ಕೊಂಡು ಹೋಗ್ತದ. 'ಹಗುರ ಆಗಲಿ ಅಂತ ರೋಗಾಣು ಜೀನ್ ಬಿಸಾಡ್ಯದ' ಅಂತ ಬರೀತಾರಲ್ಲ, ನಂಗ ಆ ಮಾತು ಸೇರಂಗಿಲ್ಲ. ಯಾರೂ ಯೋಚನಿ ಮಾಡಿ ಬಿಸಾಡಿಲ್ಲ.

ಜೀನ್ ಕಳ್ಕೊಳ್ಳೋದು ಅರ್ಧ ದಾರಿಯಾಗ ನಿಂತದ್ದು ನೋಡಬೇಕಂದ್ರ ಕುಷ್ಠರೋಗದ ಬ್ಯಾಕ್ಟೀರಿಯಾ ನೋಡು. ಅದರ ಜೀನೋಮ್, ಅಂದ್ರ ಪೂರ್ತಿ ಡಿಎನ್ಎ, 2001ರಾಗ ಓದಿದ್ರು. ಅದರ ದಾಯಾದಿ ಟಿಬಿ ಬ್ಯಾಕ್ಟೀರಿಯಾಕ್ಕ ಡಿಎನ್ಎ ಅಕ್ಷರ ಸುಮಾರು 44 ಲಕ್ಷ, ಜೀನ್ 4000ದ ಆಸುಪಾಸು. ಕುಷ್ಠದ್ದಕ್ಕ 33 ಲಕ್ಷ ಅಕ್ಷರ ಅವ ಖರೇ, ಆದ್ರ ಕೆಲಸ ಮಾಡೋ ಜೀನ್ ಬರೇ 1600. 1100ಕ್ಕೂ ಹೆಚ್ಚು ಜೀನ್ ಮುರದು ಇನ್ನೂ ಅಲ್ಲೇ ಬಿದ್ದಾವ, ಬಿದ್ದ ಮನಿ ಗ್ವಾಡಿ ಹಂಗ. ಈ ಬ್ಯಾಕ್ಟೀರಿಯಾ ಒಂದಿದ್ದದ್ದು ಎರಡಾಗ್ಲಿಕ್ಕೆ ಸುಮಾರು ಎರಡು ವಾರ ಬೇಕು, ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾಕ್ಕ 20 ನಿಮಿಷ ಸಾಕು! ಲ್ಯಾಬಿನ ಪ್ಲೇಟಿನಾಗಂತೂ ಬೆಳಿಯೋದೇ ಇಲ್ಲ, ಇಲಿ ಪಾದದಾಗ ಇಲ್ಲಾ ಆರ್ಮಡಿಲ್ಲೋ ಅನ್ನೋ ಪ್ರಾಣಿಯಾಗ ಬೆಳಸ್ತಾರ.

ನಿಮ್ಮ ಹೊಲದ ರೋಗಾಣು ಇನ್ನೂ ಮುಂದ ಹೋಗ್ಯದ. ಜಪಾನಿನ ಉಳ್ಳಾಗಡ್ಡಿ ಹಳದಿ ರೋಗದ ಫೈಟೋಪ್ಲಾಸ್ಮಾ ಜೀನೋಮ್ 2004ರಾಗ ಬಂತು, 8.6 ಲಕ್ಷ ಅಕ್ಷರ ಅಷ್ಟೇ. ಎಟಿಪಿ ಸಿಂಥೇಸ್, ಅಂದ್ರ ಜೀವಕೋಶಕ್ಕ ಕರೆಂಟ್ ಮಾಡೋ ಮಷೀನು, ಅದರ ಜೀನೂ ಅದರಾಗ ಇಲ್ಲ.

ಆದ್ರ ಎಲ್ಲಾ ಕಳ್ಕೊಂಡಿಲ್ಲವ್ವ, ಇದನ್ನ ಪುಸ್ತಕದಾಗ ಗಡಿಬಿಡಿಲೇ ದಾಟಿಸಿಬಿಡ್ತಾರ. ಅಡಗಿಮನಿ ಹೋಗ್ಯದ, ಮಾಲಕನ್ನ ಕುಣಿಸೋ ಜೀನ್ ಉಳದಾವ. ಸ್ಯಾಪ್54 ಅಂತ ಒಂದು ಪ್ರೋಟೀನ್ ಇರೋ ಜಾತಿಗಳಾಗ ಅದು ಗಿಡಕ್ಕ ಹೂವು ಮಾಡು ಅಂತ ಹೇಳೋ ಪ್ರೋಟೀನ್‌ಗಳನ್ನೇ ಕರಗಿಸಿಬಿಡ್ತದ, ಹೂವಿನ ಜಾಗಾಕ್ಕ ಎಲಿ ಬರ್ತಾವ. ಎಳ್ಳಿನಾಗ ಹೂವೆಲ್ಲಾ ಹಸರು ಎಲಿ ಆಗಿ ನಿಂತದ್ದು ನೋಡಿರಬೇಕಲ್ಲ, ಅದೂ ಫೈಟೋಪ್ಲಾಸ್ಮಾದ್ದೇ ಕೆಲಸ. ನಿಮ್ಮ ಬದನಿಯಾಗ ಯಾಕ ಕಾಯಿಲ್ಲ ಅಂತ ಈಗ ಗೊತ್ತಾತಲ್ಲ.

ಪೆನಿಸಿಲಿನ್ ಬ್ಯಾಡ. ಅದು ಹೊಡಿಯೋದೇ ಸೆಲ್ ವಾಲ್ ಕಟ್ಟೋ ಕೆಲಸಕ್ಕ, ಇದಕ್ಕ ವಾಲೇ ಇಲ್ಲ. ರೈಬೋಸೋಮ್, ಅಂದ್ರ ಪ್ರೋಟೀನ್ ಮಾಡೋ ಮಷೀನು, ಅದನ್ನ ಮಾತ್ರ ಇದು ಬಿಟ್ಟಿಲ್ಲ, ಬಿಡ್ಲಿಕ್ಕೂ ಆಗಂಗಿಲ್ಲ, ಹಂಗಾಗಿ ಆ ಮಷೀನಿಗೇ ಹೊಡಿಯೋ ಟೆಟ್ರಾಸೈಕ್ಲಿನ್ ನಡೀತದ. 1967ರಾಗ ಜಪಾನಿನವರು ರೋಗದ ಹಿಪ್ಪುನೇರಳಿ ಗಿಡದಾಗ ಇದನ್ನ ಮೊದಲ ಸಲ ಕಂಡಾಗ ಅದನ್ನೇ ಕೊಟ್ಟು ನೋಡಿದ್ರು, ರೋಗ ಇಳೀತು. ಆದ್ರ ಔಷಧ ನಿಲ್ಲಿಸಿದ್ರ ತಿರುಗಿ ಬರ್ತದ, ಹೊಲಕ್ಕೆಲ್ಲಾ ಆಂಟಿಬಯೋಟಿಕ್ ಹೊಡಿಯೋದು ಹುಚ್ಚುತನ. ಪೊದಿ ಆದ ಗಿಡ ಬೇರು ಸಮೇತ ಕಿತ್ತು ಸುಡ್ಲಿಕ್ಕೆ ಹೇಳು ಅಪ್ಪಗ, ಬದುವಿನ ಕಸಾನೂ ತಗೀಲಿ, ಆಮ್ಯಾಲೆ ಜಿಗಿಹುಳದ ಬಂದೋಬಸ್ತ್ ಮಾಡ್ಲಿ, ಅಂಗಡಿಯವ ಏನೇ ಡಬ್ಬಿ ತೋರಿಸ್ಲಿ.