ಓದುಗರ ಪ್ರಶ್ನೆ: ಶಾಲೆಗೆ ಬರುವ ದೂಳನ್ನು ಮಕ್ಕಳೇ ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ಶಾಲೆಯ ಮುಂದೆ ಸುಣ್ಣದಕಲ್ಲಿನ ಟಿಪ್ಪರ್‌ಗಳು ಓಡಾಡುತ್ತವೆ, ಹಿಂದೆ ಫರ್ಸಿ (ನೆಲಹಾಸು ಕಲ್ಲು) ಪಾಲಿಶ್ ಘಟಕಗಳಿವೆ. ಬೆಂಚಿನ ಮೇಲೆ ದಿನಾ ದೂಳು. ಯಂತ್ರವಿಲ್ಲದೆ ಮಕ್ಕಳು ಇದನ್ನು ಅಳೆಯಬಹುದೇ?
– ವಿಜ್ಞಾನ ಶಿಕ್ಷಕಿ, ಚಿತ್ತಾಪುರ ತಾಲ್ಲೂಕು

ಉತ್ತರ: ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಖಂಡಿತ ತೋರಿಸಬಹುದು. 10 ಸೆಂ.ಮೀ. ಚೌಕದ ಗ್ರಾಫ್ ಹಾಳೆಯನ್ನು ರಟ್ಟಿಗೆ ಅಂಟಿಸಿ, ಮೇಲೆ ಅಗಲದ ಪಾರದರ್ಶಕ ಟೇಪ್ ಹಚ್ಚಿ, ಅದರ ಮೇಲೆ ವ್ಯಾಸಲೀನ್ ತೆಳ್ಳಗೆ ಸವರಿ. ಟೇಪ್ ಇಲ್ಲದಿದ್ದರೆ ಜಿಡ್ಡು ಕಾಗದಕ್ಕೆ ಇಂಗಿ ಅಂಟೇ ಉಳಿಯುವುದಿಲ್ಲ. ದಪ್ಪಗೆ ಬಳಿದರೆ ಕಣಗಳು ಒಳಗೆ ಮುಳುಗಿ ಎಣಿಕೆಗೆ ಸಿಗವು.

ಗೇಟು, ವರಾಂಡ, ತರಗತಿ, ಹಿತ್ತಿಲು, ಹೀಗೆ ನಾಲ್ಕು ಕಡೆ ಮಕ್ಕಳ ಮೂಗಿನ ಎತ್ತರಕ್ಕೆ, ಸುಮಾರು 4 ಅಡಿಗೆ, ನೆರಳಿನಲ್ಲಿ ತೂಗುಹಾಕಿ. ಐದನೆಯದನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಕೈಯಾಡಿಸುವಾಗಲೇ ಎಷ್ಟು ದೂಳು ಅಂಟುತ್ತದೆ ಎಂಬುದನ್ನು ಅದೇ ಹೇಳಬೇಕು. 24 ಗಂಟೆಯ ನಂತರ ಚೀಟಿ ಎತ್ತಿ 10 ಚದರಗಳನ್ನು ಆರಿಸಿ, ಭೂತಗನ್ನಡಿಯಲ್ಲಿ ಕಣ ಎಣಿಸಿ ಸರಾಸರಿ ತೆಗೆಯಿರಿ. ಚೀಟಿ ಬೇಕೇಬೇಕು. ಕಣ್ಣಿಗೆ ಬಿಟ್ಟರೆ ಅದು ಕಪ್ಪಾದ ಚದರಕ್ಕೇ ಹೋಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ವ್ಯಾಸಲೀನ್ ಕರಗಿ ಇಳಿಯುವುದರಿಂದ ನವೆಂಬರ್‌ನಿಂದ ಫೆಬ್ರುವರಿವರೆಗೆ ಮಾಡುವುದು ಒಳ್ಳೆಯದು.

ದೂಳಿನ ಮೂಲ ಹುಡುಕಲು, ಕಿಟಕಿ ಚೌಕಟ್ಟಿನ ದೂಳನ್ನು ಒಣ ಕುಂಚದಿಂದ ತಟ್ಟೆಗೆ ಗುಡಿಸಿ ಎರಡು ಹನಿ ವಿನೆಗರ್ ಬಿಡಿ. (ವ್ಯಾಸಲೀನ್ ಕಾರ್ಡಿನ ಮೇಲೆ ಬಿಟ್ಟರೆ ಜಿಡ್ಡು ತಡೆಯುತ್ತದೆ.) ಸಣ್ಣ ಗುಳ್ಳೆಗಳೆದ್ದರೆ ಅದರಲ್ಲಿ ಸುಣ್ಣದಕಲ್ಲಿನ ಅಂಶವಿದೆ. ಅಷ್ಟಕ್ಕೇ ಟಿಪ್ಪರಿನ ತಪ್ಪು ಎಂದು ಬರೆಯಬೇಡಿ. ನಮ್ಮ ಎರೆಮಣ್ಣಿನಲ್ಲೂ ಸುಣ್ಣದ ಹರಳುಗಳಿವೆ, ಅದೂ ಗುಳ್ಳೆ ಏಳಿಸುತ್ತದೆ. ಟಿಪ್ಪರ್ ಓಡುವ ದಿನದ ಕಾರ್ಡನ್ನು ಓಡದ ದಿನದ ಕಾರ್ಡಿನೊಂದಿಗೆ ಹೋಲಿಸಿ, ಎರಡೂ ದಿನ ಗಾಳಿ ಯಾವ ಕಡೆಯಿಂದ ಬೀಸಿತೆಂದು ಬರೆದಿಡಿ. ಆಗ ಮಾತಿಗೆ ತೂಕ ಬರುತ್ತದೆ.

ದಿನಾಂಕ, ಗಾಳಿ, ಎಣಿಕೆ ಇರುವ ಪಟ್ಟಿಗೆ ಕಾರ್ಡುಗಳ ಫೋಟೊ ಸೇರಿಸಿ, ಮುಖ್ಯ ಶಿಕ್ಷಕರ ಸಹಿಯೊಂದಿಗೆ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಕೊಟ್ಟು, ಪ್ರತಿಯೊಂದನ್ನು ಕಲಬುರಗಿಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಕಳಿಸಿ. ಕೇಳುವುದು ಸ್ಪಷ್ಟವಾಗಿರಲಿ: ಟಿಪ್ಪರ್‌ಗೆ ತಾಡಪತ್ರಿ ಹೊದಿಸಬೇಕು, ಶಾಲೆ ಶುರುವಾಗುವ ಮುನ್ನ ರಸ್ತೆಗೆ ನೀರು ಹೊಡೆಯಬೇಕು, ಪಾಲಿಶ್ ಕೆಸರನ್ನು ಒಣಗುವ ಮೊದಲೇ ಸಾಗಿಸಬೇಕು. ಆ ಕೆಸರು ರಸ್ತೆಬದಿಯಲ್ಲಿ ಒಣಗಿದರೆ ಹಿಟ್ಟಾಗಿ ಏಳುತ್ತದೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಪ್ರಶ್ನೆ: ಗಾಳಿಯ ಗುಣಮಟ್ಟ ತೋರಿಸುವ ‘ಸಮೀರ್’ ಆ್ಯಪ್ ಕಲಬುರಗಿಯ ಗಾಳಿ ‘ಸಮಾಧಾನಕರ’ ಎನ್ನುತ್ತದೆ. ಆದರೆ ನಮ್ಮ ಗೇಟಿನ ಮುಂದೆ ಟಂಟಂ (ಆಟೊ) ಹೊಗೆಗೆ ಕಣ್ಣುರಿ. ಯಾವುದು ನಿಜ?
– 9ನೇ ತರಗತಿ ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ಎರಡೂ ನಿಜ. ದೂಳಿನ ಕಣಗಳ ವಿಷಯದಲ್ಲಿ, ಆ್ಯಪ್ ತೋರಿಸುವ ಗಾಳಿ ಗುಣಮಟ್ಟ ಸೂಚ್ಯಂಕ ಮಾಪನ ಕೇಂದ್ರವಿರುವ ಜಾಗದ 24 ಗಂಟೆಗಳ ಸರಾಸರಿ. ಶಾಲೆ ಬಿಡುವ ಅರ್ಧ ಗಂಟೆಯ ಹೊಗೆ ಅದರಲ್ಲಿ ಕಾಣುವುದಿಲ್ಲ. 51ರಿಂದ 100 ಎಂದರೆ ‘ಸಮಾಧಾನಕರ’. ಪಿಎಂ 10 (10 ಮೈಕ್ರಾನ್‌ವರೆಗಿನ ಸಣ್ಣ ಕಣ) ಪ್ರತಿ ಘನ ಮೀಟರಿಗೆ 100 ಮೈಕ್ರೊಗ್ರಾಂ, ಇನ್ನೂ ಸಣ್ಣ ಕಣವಾದ ಪಿಎಂ 2.5 ಆದರೆ 60, ಇವೇ ನಮ್ಮ ದೇಶದ ದಿನದ ಮಿತಿ, ಸೂಚ್ಯಂಕದ 100 ಅಂಕವೂ ಅದೇ. ಕಲಬುರಗಿ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿರುವ ನಗರ, ಅಂದರೆ ಗಾಳಿ ಸುಧಾರಿಸಬೇಕಾದ ನಗರಗಳಲ್ಲೊಂದು. ನೀವು ಗಮನಿಸುತ್ತಿರುವುದು ಸಣ್ಣ ವಿಷಯವಲ್ಲ. ಒಂದು ವಾರ, ಶಾಲೆ ಬಿಡುವ ಹೊತ್ತಿಗೆ, ಎಂಜಿನ್ ಆಫ್ ಮಾಡದೆ ನಿಲ್ಲುವ ವಾಹನಗಳನ್ನೂ ನಿಂತ ನಿಮಿಷಗಳನ್ನೂ ಬರೆಯಿರಿ. ಅದನ್ನು ಪಾಲಕರ ಸಭೆಯಲ್ಲಿ ಓದಿ, ಮಕ್ಕಳು ಹತ್ತುವ ಜಾಗವನ್ನು ಗೇಟಿನಿಂದ ದೂರಕ್ಕೆ ಸರಿಸಲು ಕೇಳಿ.

ಪ್ರಶ್ನೆ: ಅಂಗಳದ ಬೇವಿನೆಲೆಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿ ಗುಂಡಿಗೆ ಹಾಕಿದೆವು. ಮೂರು ತಿಂಗಳಾದರೂ ಕೊಳೆತಿಲ್ಲ.
– ಎಸ್‌ಡಿಎಂಸಿ ಸದಸ್ಯ, ಬೀದರ್

ಉತ್ತರ: ಒಣ ಎಲೆಯೊಂದೇ ಇದ್ದರೆ ಸಾರಜನಕವೂ ತೇವವೂ ಸಾಲವು. ಎಲ್ಲವನ್ನೂ ಹೊರತೆಗೆದು ಮತ್ತೆ ತುಂಬಿ: ಅರ್ಧ ಅಡಿ ಎಲೆ, ಮೇಲೆ ಒಂದು ಬಕೆಟ್ ಸಗಣಿ ನೀರು, ಒಂದು ಹಿಡಿ ದಪ್ಪ ಮಣ್ಣು, ಬಿಸಿಯೂಟದ ತರಕಾರಿ ಸಿಪ್ಪೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವ ಸಾಕು. ಹೆಚ್ಚಾದರೆ ನಾರುತ್ತದೆ. 15 ದಿನಕ್ಕೊಮ್ಮೆ ತಿರುವಿ, ಗೋಣಿತಾಟು ಹೊದಿಸಿ.