ಅಳಿವೆಯ ಅಂಚಿನಿಂದ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಉತ್ತರ ಕನ್ನಡದ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಬಳಚಿನ ಬಗ್ಗೆ, ಅಂದರೆ ಚಿಪ್ಪುಮೀನಿನ ಬಗ್ಗೆ, ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕರಾವಳಿಯ ಕಾಲೇಜೊಂದರಲ್ಲಿ ಬಹುಕಾಲ ಪ್ರಾಣಿಶಾಸ್ತ್ರ ಕಲಿಸಿದವಳು ನಾನು. ಆದರೂ ಮೊದಲ ಪತ್ರಕ್ಕೆ ಉತ್ತರ ಹೊಂದಿಸಲು ಎರಡು ದಿನ ಬೇಕಾಯಿತು.

ನಮ್ಮ ಹೊಲದಲ್ಲಿ ಕೊರೆಸಿದ ಮೂರು ಕೊಳವೆಬಾವಿಗಳೂ ಬತ್ತಿವೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಮಾತ್ರ ನೀರು. ಅಲ್ಲಿ ನೋಡಿದರೆ ಅಘನಾಶಿನಿಯ ನೀರೆಲ್ಲ ಕಡಲು ಸೇರಿ ವ್ಯರ್ಥವಾಗುತ್ತಿದೆ. ಅದನ್ನು ನಮ್ಮ ಕಡೆಯ ವೇದಾವತಿ ನದಿಗೆ ತಿರುಗಿಸಬೇಕೆಂದರೆ ನೀವು ಬಳಚಿನ ಕತೆ ಹೇಳುತ್ತೀರಿ. ಇದು ಸ್ವಾರ್ಥವಲ್ಲವೇ?
– ಚಿತ್ರದುರ್ಗ ಜಿಲ್ಲೆಯ ರೈತರು

ನಿಮ್ಮ ಸಿಟ್ಟು ನ್ಯಾಯವಾದದ್ದು. ಟ್ಯಾಂಕರ್ ಕಾಯುತ್ತ ಕೊಡ ಹಿಡಿದು ನಿಂತವರ ಮುಂದೆ ಚಿಪ್ಪಿನ ಮಾತು ಆಡುವುದು ನನಗೂ ಹಗುರವಲ್ಲ. ಆದರೆ ನಿಮ್ಮ ಪತ್ರದ ಒಂದು ಪದವನ್ನು ನಾನು ಒಪ್ಪಲಾರೆ: ವ್ಯರ್ಥ.

ಶಿರಸಿಯ ಶಂಕರಹೊಂಡದ ಬಳಿ ಹುಟ್ಟುವ ಈ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಒಟ್ಟು ಸುಮಾರು 124 ಕಿಲೋಮೀಟರ್ ಹರಿದು, ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಕಡಲು ಸೇರುತ್ತದೆ. ದಾರಿಯಲ್ಲಿ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಘಟ್ಟದ ಕೆಂಪು ನೀರು ಮಣ್ಣನ್ನೂ ಕೊಳೆತ ಎಲೆಯನ್ನೂ ಹೊತ್ತು ಇಳಿಯುತ್ತದೆ, ಆಗ ಅಳಿವೆ ಬಹುಮಟ್ಟಿಗೆ ಸಿಹಿ. ಮಳೆ ಹಿಂದಾದ ಮೇಲೆ ಭರತದ ಜೊತೆ, ನಮ್ಮ ಕಡೆ ಉಬ್ಬರಕ್ಕೆ ಹಾಗೆನ್ನುತ್ತಾರೆ, ಕಡಲಿನ ಉಪ್ಪು ತಿಂಗಳಿನಿಂದ ತಿಂಗಳಿಗೆ ಒಳಗೊಳಗೆ ಏರುತ್ತದೆ. ಈ ಏರಿಳಿತದ ಮೇಲೆಯೇ ಇಲ್ಲಿನ ಬದುಕೆಲ್ಲ ನಿಂತಿದೆ. ಕಡಲಿನಲ್ಲಿ ಹುಟ್ಟುವ ಸಿಗಡಿಯ ಮರಿ ಅಳಿವೆಗೆ ಬಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಮರೆಯಲ್ಲಿ ಬೆಳೆದು, ಮತ್ತೆ ಕಡಲಿಗೆ ಮರಳುತ್ತದೆ. ಉಬ್ಬರದ ನೀರು ಮುಟ್ಟುವ ತಗ್ಗಿನ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವನ್ನು ಮಳೆಯ ಸಿಹಿನೀರು ಇರುವಾಗಲೇ ಬಿತ್ತಿ ಬೆಳೆಯುತ್ತಾರೆ. ಅದಕ್ಕೆ ಗೊಬ್ಬರ ಹಾಕುವುದಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ತೂಬಿನ ಹಲಗೆ ತೆಗೆದು ಉಪ್ಪುನೀರು ಒಳಬಿಟ್ಟಾಗ ಆ ಕೊಳೆತ ಹುಲ್ಲೇ ಮೀನು, ಸಿಗಡಿಗಳಿಗೆ ಮೇವು. ಒಂದೇ ಗದ್ದೆ ಆರು ತಿಂಗಳು ಅನ್ನ ಕೊಡುತ್ತದೆ, ಉಳಿದ ಆರು ತಿಂಗಳು ಸಾರು.

ಸಿಹಿನೀರಿನ ಲಯ ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ದಕ್ಷಿಣಕ್ಕೆ ಪಕ್ಕದಲ್ಲೇ ಶರಾವತಿ ಇದೆ. ಅಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದು ಅಳಿವೆಯ ಉಪ್ಪಿನಂಶ ಕುಸಿಯಿತು. ಅಘನಾಶಿನಿಯಲ್ಲಿ ಸಿಗುವಷ್ಟು ಬಳಚು ಅಲ್ಲಿ ಸಿಗುವುದಿಲ್ಲ. ಅಲ್ಲಿ ನೀರು ಹೆಚ್ಚಾಯಿತು, ಇಲ್ಲಿ ತಿರುಗಿಸಿದರೆ ಕಡಿಮೆಯಾಗುತ್ತದೆ. ಎರಡೂ ಕಡೆ ಹಾಳಾಗುವುದು ಅದೇ ಲಯ.

ನಿಮಗೆ ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ಯೋಜನೆಯ ವೆಚ್ಚದ ಹಾಳೆಯಲ್ಲಿ ಕಾಲುವೆ, ಪಂಪು, ವಿದ್ಯುತ್ತಿನ ಸಾಲುಗಳು ಇರುತ್ತವೆ. ಬಳಚು ಹೆಕ್ಕುವವಳ, ಗಜನಿ ರೈತನ, ತದಡಿಯ ದೋಣಿಯವನ ನಷ್ಟಕ್ಕೂ ಅಲ್ಲಿ ಒಂದೊಂದು ಸಾಲು ಇರಲಿ. ಆ ಹಾಳೆಯನ್ನು ನಿಮ್ಮ ಊರಿನವರೂ ನಮ್ಮ ಊರಿನವರೂ ಒಟ್ಟಿಗೆ ಕೂತು ಓದಬೇಕು. ಅದಕ್ಕೆ ಮೊದಲೇ ತೀರ್ಮಾನವಾಗುವುದು ನಿಮಗೂ ಒಳ್ಳೆಯದಲ್ಲ. ಮಳೆ ಕೈಕೊಟ್ಟ ವರ್ಷ ಘಟ್ಟದಲ್ಲೇ ನೀರಿಲ್ಲದಾಗ ನಿಮ್ಮ ಕಾಲುವೆಗೆ ಏನು ಬರುತ್ತದೆ ಎಂಬ ಪ್ರಶ್ನೆಯನ್ನೂ ಅಲ್ಲಿಯೇ ಕೇಳಬೇಕಲ್ಲವೇ?

ನಾನು ಪರಿಸರ ವ್ಯವಸ್ಥೆಯ ಸೇವೆಗಳ ಬಗ್ಗೆ, ಅಂದರೆ ಹೊಳೆ ಕಾಡುಗಳು ಮನುಷ್ಯರಿಗೆ ಕೊಡುವ ಉಪಯೋಗಗಳ ಬಗ್ಗೆ, ಸಂಶೋಧನೆ ಆರಂಭಿಸಿದ್ದೇನೆ. ಹೊಳೆ ಕಾಡುಗಳಿಗೆ ರೂಪಾಯಿಯಲ್ಲಿ ಬೆಲೆ ಕಟ್ಟುವುದು ತಾಯಿಯ ಹಾಲಿಗೆ ಬೆಲೆ ಕಟ್ಟಿದಂತೆ ಎಂದು ನಮ್ಮ ಅಜ್ಜ ಬೇಸರಪಟ್ಟರು. ನಾನು ಮಾಡುತ್ತಿರುವುದು ಸರಿಯೇ?
– ಧಾರವಾಡದ ವಿದ್ಯಾರ್ಥಿನಿ

ನಿಮ್ಮ ಅಜ್ಜನ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಲೆಕ್ಕ ಮಾಡಿ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೋಸ್ಟಾಂಜಾ ಮತ್ತು ಸಂಗಡಿಗರು ಇಡೀ ಭೂಮಿಯ ಇಂಥ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಅಂದಾಜು ಕಟ್ಟಿದರು. ಹೆಕ್ಟೇರ್‌ವಾರು ನೋಡಿದರೆ ಆ ಪಟ್ಟಿಯ ತುದಿಯಲ್ಲಿ ಇದ್ದದ್ದು ಅಳಿವೆಗಳು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ‘ಅಲ್ಲಿ ಏನಿದೆ, ಬರೀ ಕೆಸರು’ ಎಂದವರು ಇದ್ದರು. ಕೆಸರಿನಲ್ಲಿ ಏನಿದೆ ಎಂದು ಅಂಕಿಗಳಲ್ಲಿ ತೋರಿಸಿದ ಅಧ್ಯಯನಗಳಿಂದ ಊರಿನವರ ಮಾತಿಗೆ ಬಲ ಬಂತು. ಸ್ಥಾವರ ಬರಲಿಲ್ಲ.

ಆದರೆ ಅಂಕಿಯ ಒಳಗನ್ನೂ ನೋಡಬೇಕು. 2008ರ ಒಂದು ಅಧ್ಯಯನದ ಪ್ರಕಾರ ಈ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು ತೆಗೆಯುತ್ತಿದ್ದರು, ಅದರ ಮೌಲ್ಯ ಸುಮಾರು 5.78 ಕೋಟಿ ರೂಪಾಯಿ. ಭಾಗಿಸಿ ನೋಡಿ. ಕಿಲೋಗೆ ಮೂರು ರೂಪಾಯಿಯೂ ಬೀಳುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು, ಕಾಲ್ಬೆರಳಿನಿಂದ ತಡಕಿ, ಮುಳುಗಿ ಎತ್ತಿದ ಚೀಲಕ್ಕೆ ಪೇಟೆ ಕಟ್ಟಿದ ಬೆಲೆ ಅದು. ಹೆಕ್ಕುವವರು ಬಡವರಾದ್ದರಿಂದ ಬೆಲೆ ಕಡಿಮೆಯಾಗಿದೆ. ಅಳಿವೆಯ ಯೋಗ್ಯತೆ ಕಡಿಮೆ ಎಂದು ಅದರಿಂದ ಹೇಳಲಾಗದು. ಈ ವ್ಯತ್ಯಾಸವನ್ನು ನಿಮ್ಮ ಪ್ರಬಂಧದ ಮೊದಲ ಅಧ್ಯಾಯದಲ್ಲೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ನನ್ನ ಅನುಭವವೊಂದನ್ನು ಹೇಳುತ್ತೇನೆ. ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ದಡದಲ್ಲಿ ತಕ್ಕಡಿ ಇಟ್ಟು, ವ್ಯಾಪಾರಿಗೆ ಹೋಗುವ ಬಳಚನ್ನೆಲ್ಲ ಮೂರು ದಿನ ತೂಗಿಸಿದೆ. ಕೊನೆಯ ದಿನ ಹಿರಿಯ ಹೆಂಗಸೊಬ್ಬರು ಬುಟ್ಟಿ ಎತ್ತಿಕೊಳ್ಳುತ್ತ, ‘ಅಕ್ಕೋರೇ, ನಾವು ಮನೆಗೆ ಒಯ್ಯುವುದನ್ನು ನೀವು ತೂಗಲೇ ಇಲ್ಲವಲ್ಲ’ ಎಂದರು. ಪ್ರತಿ ಮನೆಗೂ ಪದಾರ್ಥಕ್ಕೆ ಒಂದು ಪಾಲು ಹೋಗುತ್ತಿತ್ತು, ನೆರೆಯ ಬಾಣಂತಿಗೆ, ಕಡಲಿಗೆ ಹೋಗಲಾಗದ ಮುದುಕರಿಗೆ ಇನ್ನೊಂದು ಪಾಲು. ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಆ ಮೂರು ದಿನದ ಲೆಕ್ಕವನ್ನು ನಾನು ಎಲ್ಲಿಯೂ ಬಳಸಲಿಲ್ಲ. ಮುಂದಿನ ವರ್ಷ ಹೊಸ ಕಾಲಮ್ಮುಗಳನ್ನು ಆ ಹೆಂಗಸರೇ ಹೇಳಿ ಬರೆಸಿದರು.

ನಮ್ಮ ಹೊಳೆ ರಾಮ್ಸಾರ್ ಪಟ್ಟಿಗೆ ಸೇರಿದೆಯಂತೆ. ಇನ್ನು ಅರಣ್ಯದವರು ಬಂದು ಬಳಚು ತೆಗೆಯಬೇಡಿ ಎನ್ನುತ್ತಾರೆಯೇ? ಈಗೀಗ ಸಿಗುವುದೇ ಕಡಿಮೆ.
– ಕುಮಟಾ ತಾಲ್ಲೂಕಿನ ಬಳಚು ಹೆಕ್ಕುವ ಮಹಿಳೆ (ಮಗಳಿಂದ ಬರೆಸಿದ್ದು)

ತಂಗೀ, ಪಟ್ಟಿಗೆ ಸೇರಿದ ಮಾತ್ರಕ್ಕೆ ನಿಮ್ಮ ಬುಟ್ಟಿಯನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಆ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಆ ಒಪ್ಪಂದದ ತಿರುಳೇ ‘ವಿವೇಕದ ಬಳಕೆ’, ಬಳಸುವವರನ್ನು ಹೊರಗಟ್ಟುವುದಲ್ಲ. ಇನ್ನೊಂದು ಮಾತು ತಿಳಿದಿರಲಿ. ಉಬ್ಬರದ ನೀರು ಮುಟ್ಟುವ ಜಾಗಕ್ಕೆ ಮುಖ್ಯವಾಗಿ ಅನ್ವಯಿಸುವುದು ಕರಾವಳಿ ನಿಯಂತ್ರಣ ವಲಯದ ನಿಯಮಗಳು. 2017ರ ಜೌಗುಪ್ರದೇಶ ನಿಯಮಗಳು ಆ ವಲಯವನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಹಾಗಾಗಿ ಬಿರುದು ಬಂತು, ಇನ್ನು ಹೊಳೆಗೆ ಭಯವಿಲ್ಲ ಎಂದೂ ಸುಮ್ಮನಿರಬಾರದು.

ಕಡಿಮೆಯಾಗಿದೆ ಎಂದಿರಲ್ಲ, ನನ್ನ ಚಿಂತೆಯೂ ಅದೇ. ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಕಾಯಲಿನಲ್ಲಿ, ಅಂದರೆ ಹಿನ್ನೀರಿನಲ್ಲಿ, 1990ರ ದಶಕದಲ್ಲಿ ಹೀಗೆಯೇ ಆಗಿತ್ತು. ಅಲ್ಲಿಯವರು ಡಿಸೆಂಬರಿನಿಂದ ಫೆಬ್ರುವರಿವರೆಗೆ, ಚಿಪ್ಪು ಮರಿ ಹಾಕುವ ಕಾಲದಲ್ಲಿ, ತೆಗೆಯುವುದನ್ನು ನಿಲ್ಲಿಸಿದರು. ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಕಿರಿದಾಗದಂತೆ ನೋಡಿಕೊಂಡರು. ಬಳಚು ಮತ್ತೆ ತುಂಬಿತು. 2014ರಲ್ಲಿ ಆ ಮೀನುಗಾರಿಕೆಗೆ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ಸಿಕ್ಕಿತು, ಭಾರತಕ್ಕೆ ಅದೇ ಮೊದಲನೆಯದು. ಅವರು ತೆಗೆಯುವ ಜಾತಿಯ ಬಳಚು ನಮ್ಮ ಹೊಳೆಯಲ್ಲೂ ಇದೆ. ಮೂರು ತಿಂಗಳು ಒಲೆ ಹೇಗೆ ಉರಿಯಬೇಕು ಎಂದು ನೀವು ಕೇಳುತ್ತೀರಿ. ಆ ಪ್ರಶ್ನೆಗೆ ಉತ್ತರವಿಲ್ಲದೆ ಯಾರಾದರೂ ಬಿಡುವು ಹೇರಿದರೆ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ. ಎಲ್ಲಿ ಮರಿ ಹೆಚ್ಚು, ಯಾವ ತಿಂಗಳು ಎಷ್ಟು ದೊಡ್ಡದು ಎಂಬುದು ನಿಮ್ಮ ಕಾಲ್ಬೆರಳಿಗೆ ಗೊತ್ತಿರುವಷ್ಟು ನಮ್ಮ ಸೂಕ್ಷ್ಮದರ್ಶಕಕ್ಕೆ ಗೊತ್ತಿಲ್ಲ. ಬಿಡುವಿನ ತಿಂಗಳು, ಬಿಡುವಿನ ಜಾಗ ಯಾವುದೆಂದು ನೀವೇ ಹೇಳಬೇಕು.

ನಾನು ಗ್ರಾಮ ಪಂಚಾಯಿತಿ ಸದಸ್ಯ. ನಮ್ಮಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲೆ ಇದೆ. ಊರಿನ ಗಿಡ, ಜೀವಿ, ಬೆಳೆಗಳ ವಿವರ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಹೊರಗಿನವರು ಬರೆದು ಕೊಟ್ಟು ಹೋಗಿದ್ದಾರೆ. ಇದರಿಂದ ಏನಾದರೂ ಉಪಯೋಗವಿದೆಯೇ?
– ಅಳಿವೆಯ ದಂಡೆಯ ಓದುಗರು

ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮನ್ನು ಒಮ್ಮೆ ಓದಿ. ನಿಮ್ಮ ವ್ಯಾಪ್ತಿಯಿಂದ ವ್ಯಾಪಾರಕ್ಕಾಗಿ ಜೈವಿಕ ಸಂಪನ್ಮೂಲ ಒಯ್ಯುವವರಿಂದ ಶುಲ್ಕ ವಸೂಲು ಮಾಡುವ ಅಧಿಕಾರ ಸಮಿತಿಗಿದೆ. ನಿಮ್ಮ ವ್ಯಾಪ್ತಿಯ ಸಂಪನ್ಮೂಲದ ಬಗ್ಗೆ ತೀರ್ಮಾನ ಮಾಡುವಾಗ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವೂ ರಾಜ್ಯ ಜೀವವೈವಿಧ್ಯ ಮಂಡಳಿಯೂ ಸಮಿತಿಯೊಂದಿಗೆ ಸಮಾಲೋಚಿಸಬೇಕು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ.

ದಾಖಲಾತಿಯ ಪ್ರತಿಯನ್ನು ನೀವು ಕಳುಹಿಸಿದ್ದೀರಿ, ಪೂರ್ತಿ ಓದಿದೆ. ಸಸ್ಯಗಳ ಲ್ಯಾಟಿನ್ ಹೆಸರುಗಳಿವೆ. ಕಗ್ಗದ ಹೆಸರಿಲ್ಲ, ಗಜನಿ ಕಟ್ಟೆಯನ್ನು ವರ್ಷವರ್ಷ ಯಾರು ಕಟ್ಟುತ್ತಿದ್ದರು ಎಂಬುದಿಲ್ಲ, ಬಳಚಿಗೆ ಒಂದು ಸಾಲು ಮಾತ್ರ. ಅದನ್ನು ಎಸೆಯಬೇಡಿ, ಅದರ ಹಿಂದೆ ಹೊಸ ಹಾಳೆಗಳನ್ನು ಹೊಲಿಯಿರಿ. ಪಂಚಾಯಿತಿ ಕಚೇರಿಗೆ ಜನರನ್ನು ಕರೆಸಿದರೆ ಹೆಂಗಸರು ಬಾಗಿಲ ಬಳಿ ನಿಂತು ಹೋಗುತ್ತಾರೆ. ಅಮಾವಾಸ್ಯೆಯ ಇಳಿತದಲ್ಲಿ ಹೊಳೆಯ ತಳ ಹೆಚ್ಚು ತೆರೆದುಕೊಳ್ಳುತ್ತದೆ, ಎಲ್ಲರೂ ಅಲ್ಲೇ ಇರುತ್ತಾರೆ. ಮೇಲಿನ ಪತ್ರ ಬರೆಸಿದ ತಾಯಿ, ಬರೆದ ಮಗಳು ನಿಮ್ಮ ತಾಲ್ಲೂಕಿನವರೇ ಆಗಿದ್ದರೆ ಅವರನ್ನೇ ಮೊದಲು ಕೇಳಿ. ಬರುವ ಅಮಾವಾಸ್ಯೆಗೆ ದಿನ ಗೊತ್ತುಮಾಡಿ ತಿಳಿಸಿದರೆ ಪುಸ್ತಕ, ತಕ್ಕಡಿ ಎರಡನ್ನೂ ನಾನು ತರುತ್ತೇನೆ.